ಅತ್ತೆ ಕೂತ ಕಲ್ಲುಗಳು

ಹೋದ ಮಳೆಗಾಲದಲ್ಲಿ ಖಜೂರಿಗೆ ಬೀಗರ ಮನೆಯ ಬಸುರಿಯ ಕುಬಸಕ್ಕೆ ಹೋಗಿ ಆಳಂದದ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ದಾರಿಯಲ್ಲಿ ಜೋರು ಮಳೆ ಹಿಡಿದು ಹತ್ತು ನಿಮಿಷಕ್ಕೆ ಬಿಟ್ಟಿತು. ಉಸಿರು ಕಟ್ಟಿ ಕೂತಿದ್ದವರೆಲ್ಲ ಕಿಟಕಿ ಸರಿಸಿದರು. ಆಗ ಆ ವಾಸನೆ ಒಳಗೆ ಬಂತು. ಕರಿ ಎರೆ ಮಣ್ಣು ನೆಂದರೆ ಬರುವ ವಾಸನೆ ಬೇರೆ, ಕೆಂಪು ಮೊರಮಿನ ಗುಡ್ಡ ನೆಂದರೆ ಬರುವ ವಾಸನೆ ಬೇರೆ. ಎರಡನೆಯದರಲ್ಲಿ ಸ್ವಲ್ಪ ತುಕ್ಕು, ಸ್ವಲ್ಪ ಕಾಡುತುಳಸಿ, ಸ್ವಲ್ಪ ಆಡಿನ ಹಿಕ್ಕೆ ಇರುತ್ತದೆ. ಮಂಡಿಗೆ ವಯಸ್ಸಾಗುತ್ತದೆ, ಮೂಗಿಗೆ ಆಗುವುದಿಲ್ಲ. ನಾನು ಚೀಲ ತೆಗೆದುಕೊಂಡು ಎದ್ದು ನಿಂತೆ.

“ಯಾಕ್ರಿ ಅಮ್ಮಾ, ಟಿಕೀಟ್ ಆಳಂದದ್ದು ಐತಲ್ರಿ?” ಅಂದ ಕಂಡಕ್ಟರ್.

“ಇರ್ಲಿ ಬಿಡಪಾ. ಇಲ್ಲೇ ಇಳಿತೇನಿ.”

ನಾನು ಇಳಿದದ್ದು ನನ್ನ ಗಂಡನ ಊರಿನಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ಊರ ಬೆನ್ನಿಗೆ ಒಂದು ಗುಡ್ಡವಿದೆ. ದೊಡ್ಡ ದೊಡ್ಡ ಬೆಟ್ಟ ಕಂಡವರು ಇದನ್ನು ದಿಬ್ಬ ಅಂತ ನಕ್ಕಾರು. ಕೆಳಗೆ ಜೋಳದ ಹೊಲ, ನಡುವೆ ಕೆಂಪು ಮೊರಮಿನ ಏರು, ಏರಿನ ತುಂಬ ಮುಂದೆ ಚಾಚಿದ ಬಂಡೆಗಳು, ಕವಳಿ ಕಂಟಿ, ಸೀತಾಫಲದ ಗಿಡ. ತಲೆಯ ಮೇಲೆ ಹಂಚು ಇಟ್ಟಂತೆ ಸಪಾಟು. ತುದಿಯಲ್ಲಿ ಮಲ್ಲಯ್ಯನ ಒಂದು ಸಣ್ಣ ಗುಡಿ. ಆದರೆ ನನ್ನ ತವರು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ಹೊಳೆಯ ದಂಡೆ. ಅಲ್ಲಿ ನಾನು ಹತ್ತಿದ ಅತಿ ಎತ್ತರದ ಜಾಗ ಅಂದರೆ ನಮ್ಮ ಮಾಳಿಗೆ. ಹಾಗಾಗಿ ನನ್ನ ಪಾಲಿಗೆ ಅದು ಪರ್ವತವೇ ಆಗಿತ್ತು, ಇವತ್ತಿಗೂ ಹಾಗೆಯೇ ಇದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಳಸಿ ಲಗ್ನ ಮುಗಿದ ವಾರದಲ್ಲಿ ನನ್ನ ಮದುವೆಯಾಯಿತು. ಗಂಡ ಖಜೂರಿಯಿಂದ ಹೊರಡುವ ಲಾರಿಯ ಡ್ರೈವರು. ತಿಂಗಳಿಗೆ ಇಪ್ಪತ್ತು ದಿನ ಸೊಲ್ಲಾಪುರ, ಉಮರಗಾ, ಲಾತೂರ ಅಂತ ರಸ್ತೆಯ ಮೇಲೆಯೇ ಇರುತ್ತಿದ್ದ. ಮಾವ ತೀರಿ ಆರು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ ನೀಲವ್ವ. ಮದುವೆಯಾದದ್ದು ಗಂಡನನ್ನಾದರೂ ಸಂಸಾರ ಮಾಡಿದ್ದು ಅತ್ತೆಯ ಜೊತೆ ಅಂತ ನಾನು ಈಗಲೂ ಅನ್ನುತ್ತೇನೆ. ಗಂಡ ಅದನ್ನು ಕೇಳಿ ನಗುತ್ತಾನೆ, ಅಲ್ಲಗಳೆಯುವುದಿಲ್ಲ.

ಅತ್ತೆಗೆ ಐವತ್ತು ದಾಟಿತ್ತು. ಕುಳ್ಳಗಿನ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಬಾಯಲ್ಲಿ ಯಾವಾಗಲೂ ಒಂದು ಚೂರು ಅಡಿಕೆ. ಹೊಸ ಸೊಸೆಗೆ ಅತ್ತೆ ಬೈಯುವುದು ಊರ ರೂಢಿ, ಈಕೆ ಬೈಯುತ್ತಿರಲಿಲ್ಲ. ರೊಟ್ಟಿ ಹೊತ್ತಿಸಿದರೆ “ಹೊತ್ತಿದ ರೊಟ್ಟಿ ತಿಂದ್ರ ಈಜು ಬರ್ತದಂತ, ಭೀಮಾ ದಾಟಾಕ ಬೇಕಲ್ಲ” ಅಂದು ತಾನೇ ತಿನ್ನುತ್ತಿದ್ದಳು. ಆಕೆಯ ಒಂದೇ ಒಂದು ಹಟ ಸೋಮವಾರದ್ದು. ಪ್ರತಿ ಸೋಮವಾರ ಮುಂಜಾನೆ ಒಂದು ತಂಬಿಗೆ ಹಾಲು ತೆಗೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಮಲ್ಲಯ್ಯನಿಗೆ ಅಂತ ನಾನು ತಿಳಿದಿದ್ದೆ. ನಾನು ಬಂದ ಎರಡನೇ ಸೋಮವಾರ “ಬರ್ತಿಯೇನ ಬೇ?” ಅಂದಳು. ಹೊರಟೆ.

ದೂರದ ಗುಡ್ಡ ನುಣ್ಣಗೆ ಅನ್ನುವ ಮಾತಿನ ಅರ್ಥ ಆವತ್ತು ನನ್ನ ಅಂಗಾಲಿಗೆ ತಿಳಿಯಿತು. ಚಳಿಗಾಲದ ಮಂಜು ಹೊಲದ ಮೇಲೆ ಮೊಣಕಾಲ ಮಟ್ಟಕ್ಕೆ ಕೂತಿತ್ತು. ಒಣಗಿ ಹಳದಿಯಾದ ಹುಲ್ಲು ಸೀರೆಯ ಅಂಚಿಗೆ ಮುಳ್ಳು ಹೊಲಿಯುತ್ತಿತ್ತು. ಬಾರಿಹಣ್ಣಿನ ಕಂಟಿಗಳಲ್ಲಿ ಹಕ್ಕಿಗಳ ಜಗಳ. ಮೊರಮಿನ ಸಣ್ಣ ಹರಳುಗಳು ಕಾಲ ಕೆಳಗೆ ಉರುಳಿ ನಾನು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುತ್ತಿದ್ದೆ. “ಹೆಜ್ಜಿ ಅಡ್ಡ ಇಡು, ಏಡಿಯಂಗ” ಅಂತ ಅತ್ತೆ ಕಲಿಸಿದಳು. ಅರ್ಧ ದಾರಿಗೆ ಆಕೆ ಏರು ಬಿಟ್ಟು ಮಗ್ಗುಲಿಗೆ ತಿರುಗಿದಳು. ಒಂದೊಂದೇ ಬಂಡೆಯ ಕೆಳಗೆ ಬಗ್ಗುವುದು, ನೋಡುವುದು, ಎಡಕ್ಕೆ ಕಿವಿ ಕೊಡುವುದು, ತಲೆಯಾಡಿಸಿ ಮುಂದೆ ನಡೆಯುವುದು. ಎರಡು ತಾಸು ಹೀಗೆ ಸುತ್ತಿ, ಒಂದು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು, ಹಾಲನ್ನು ಹಾಗೆಯೇ ಮನೆಗೆ ತಂದಳು. ಮಲ್ಲಯ್ಯನ ಗುಡಿಯ ಕಡೆಗೆ ಹೋಗಲೇ ಇಲ್ಲ. ಆ ಹಾಲಿನಲ್ಲಿ ನಾವು ಚಹಾ ಮಾಡಿ ಕುಡಿದೆವು.

ಮುಂದಿನ ಸೋಮವಾರ ಹೋದಾಗ ಆಕೆ ಕೂತಿದ್ದ ಕಲ್ಲು ಪಕ್ಕಕ್ಕೆ ಉರುಳಿತ್ತು. ಅದಿದ್ದ ಜಾಗದಲ್ಲಿ ಸೊಂಟದ ಮಟ್ಟ ಗುಂಡಿ.

“ನೋಡು, ನಾ ಎಲ್ಲಿ ಕುಂತ್ರೂ ಹೊಲಾ ಹರಗ್ತಾರ” ಅಂದು ಅತ್ತೆ ನಕ್ಕಳು.

ಅಗೆಯುವವನು ನಮ್ಮ ಎದುರು ಮನೆಯ ಚನ್ನಬಸಪ್ಪ. ನಲವತ್ತು ಎಕರೆಯ ಕುಳ, ಬಿಳಿ ಧೋತರ, ಕರಿ ಕೊಡೆ, ಮಾತಿಗೆ ಮುಂಚೆ ಒಂದು ಕೆಮ್ಮು. ಕೆಟ್ಟವನಲ್ಲ, ಕೇಳಿದರೆ ಎತ್ತು ಕೊಡುತ್ತಿದ್ದ, ಬಿತ್ತನೆ ಬೀಜ ಕೊಡುತ್ತಿದ್ದ. ಆದರೆ ಆತನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಮೂವತ್ತು ವರ್ಷದ ಹಿಂದೆ, ರಜಾಕಾರರ ಗದ್ದಲದ ವರ್ಷ, ನಮ್ಮ ಸೀಮೆಯ ಜನ ಊರು ಬಿಟ್ಟು ಸಂಸ್ಥಾನದ ಗಡಿಯಾಚೆ ಓಡುವಾಗ ಬಂಗಾರ, ಬೆಳ್ಳಿ ಎಲ್ಲ ನೆಲದಲ್ಲಿ ಹುಗಿದಿಟ್ಟಿದ್ದರು. ಕೆಲವರು ತಿರುಗಿ ಬಂದು ತೆಗೆದುಕೊಂಡರು, ಕೆಲವರಿಗೆ ಜಾಗ ಮರೆಯಿತು, ಕೆಲವರು ಬರಲೇ ಇಲ್ಲ. ಆದ್ದರಿಂದ ಆಳಂದ ತಾಲೂಕಿನಲ್ಲಿ ಕೆಲಸವಿಲ್ಲದೆ ಒಬ್ಬರು ಒಂದೇ ಜಾಗದಲ್ಲಿ ಎರಡು ಸಲ ಬಗ್ಗಿದರೆ ಮೂರನೆಯವನು ಸಲಿಕೆ ತರುತ್ತಿದ್ದ. ಗುಡ್ಡದಲ್ಲಿ ನಮ್ಮ ಮಾವನ ಮನೆತನದ ಬಂಗಾರವಿದೆ, ನೀಲವ್ವನಿಗೆ ಜಾಗ ಮರೆತಿದೆ, ನೆನಪಾದ ದಿನ ತಾನು ಹಿಂದೆಯೇ ಇರಬೇಕು ಎಂಬುದು ಚನ್ನಬಸಪ್ಪನ ಲೆಕ್ಕ. ಜೇವರ್ಗಿ ಕಡೆಯಿಂದ ಅಂಜನ ಹಾಕುವವನನ್ನೂ ಕರೆಸಿದ್ದನಂತೆ. ಅಂಜನದಲ್ಲಿ ಒಬ್ಬ ಕುಳ್ಳ ಹೆಂಗಸು ಕಂಡಳಂತೆ. ಅಂಜನವಿಲ್ಲದೆ ಅಷ್ಟನ್ನು ನಾನೂ ಹೇಳಬಹುದಿತ್ತು.

ಒಂದು ದಿನ ಕಟ್ಟೆಯ ಮೇಲೆ ಕೂತು ಆತ ನೇರವಾಗಿಯೇ ಕೇಳಿದ. “ಏನ್ ಹುಡಕಾಕತ್ತೀರಿ ನೀಲವ್ವಕ್ಕ?”

“ನಿನ್ನ ಬುದ್ಧಿ ಹುಡಕಾಕತ್ತೇನಿ. ಎಲ್ಲೂ ಸಿಗವಲ್ತು.”

“ಹಂಗಲ್ರಿ. ಸಿಕ್ತು ಅಂದ್ರ ಒಯ್ಯಾಕ ಗಂಡಾಳು ಬೇಕಲ್ಲ. ಅರ್ಧಾ ಅರ್ಧಾ ಮಾಡಕೊಳ್ಳೂಣು.”

“ಪೂರಾ ನೀನ ತಗೋ ಚನ್ನಬಸಪ್ಪ. ಆದ್ರ ನಾ ಕುಂತ ಕಲ್ಲ ಮಾತ್ರ ಜರಾ ಬಿಡು. ಮುದುಕಿ, ಎಲ್ಲಿ ಕುಂದ್ರಲಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಎಳ್ಳಮಾಸೆಯ ದಿನ. ನಮ್ಮ ಕಡೆ ಎಳ್ಳಮಾಸೆ ಅಂದರೆ ಊರಿಗೆ ಊರೇ ಹೊಲದಲ್ಲಿ. ಸಜ್ಜೆ ರೊಟ್ಟಿ, ಹತ್ತು ತರದ ಕಾಳಿನ ಭಜ್ಜಿ, ಎಣ್ಣೆ ಬದನೆಕಾಯಿ, ಶೇಂಗಾ ಹೋಳಿಗೆ ಬುಟ್ಟಿಗಳಲ್ಲಿ ಕಟ್ಟಿಕೊಂಡು ಹೋಗಿ, ಬೆಳೆದು ನಿಂತ ಜೋಳಕ್ಕೆ ಮೊದಲ ತುತ್ತನ್ನು ಚರಗ ಅಂತ ಚೆಲ್ಲಿ, ಎಲ್ಲರೂ ಅಲ್ಲೇ ಉಣ್ಣುತ್ತಾರೆ. ನಾವೂ ಚರಗ ಚೆಲ್ಲಿದೆವು, ಉಂಡೆವು. ಆಮೇಲೆ ಅತ್ತೆ ಸೆರಗು ಸಿಗಿಸಿ “ನಡಿ, ಇವತ್ತ ಯಾರೂ ಹಿಂದ ಬರಂಗಿಲ್ಲ” ಅಂದಳು. ಹೊಟ್ಟೆ ಬಿರಿಯುವಂತೆ ಉಂಡು ಗುಡ್ಡ ಹತ್ತುವುದು ಏನೆಂದು ಹತ್ತಿದವರಿಗೇ ಗೊತ್ತು. ಅರ್ಧದಲ್ಲಿ ಕೂತೆವು. ಕೆಳಗೆ ಹೊಲದ ತುಂಬ ಸೀರೆಗಳ ಬಣ್ಣ, ಮೇಲೆ ನಾವಿಬ್ಬರೇ. ಜೋಳದ ಮೇಲೆ ಹಾದು ಬರುತ್ತಿದ್ದ ಗಾಳಿ ತಣ್ಣಗಿತ್ತು.

ಅತ್ತೆ ನನ್ನ ಮುಖ ನೋಡದೆ ಹೇಳಿದಳು.

“ಗದ್ದಲದ ವರ್ಷ. ನಿನ್ನ ಮಾವ, ಊರಿನ ಗಂಡಸರು ಎಲ್ಲಾರೂ ಮೊದಲ ಗಡಿ ದಾಟಿದ್ರು. ನಾವು ಹೆಣ್ಮಕ್ಳು ಈ ಗುಡ್ಡದಾಗ ಮುಚಗೊಂಡು ಕುಂತಿದ್ವಿ. ಹುಬ್ಬಿ ಮಳಿ ನಿಲ್ಲವಲ್ತು. ನನ್ನ ಉಡ್ಯಾಗ ಎಂಟ್ ತಿಂಗಳ ಹೆಣ್ಣ ಕೂಸು. ಜ್ವರ ಬಂದು ಒಂದೇ ಸವನ ಅಳಾಕತ್ತಿತ್ತು. ಅತ್ತರ ಎಲ್ಲಾರೂ ಸಿಗಬೀಳ್ತೀವಿ ಅಂತ ಉಳದ ಹೆಣ್ಮಕ್ಳು ‘ನೀ ಜರಾ ದೂರ ಹೋಗಿ ಕುಂದ್ರು ನೀಲವ್ವ’ ಅಂದ್ರು. ಅವರದೂ ಖರೇನ, ಅವರೂ ಮಕ್ಕಳೊಂದಿಗರು. ದೂರ ಒಂದು ಬಂಡಿಗಲ್ಲ ಕೆಳಗ ಹೋಗಿ ಕುಂತೆ. ಮೂರನೇ ದಿನ ಮುಂಜಾನಿ ಕೂಸು ಸುಮ್ಮನಾತು.”

ಸುಮ್ಮನಾಯಿತು ಅಂದರೆ ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಗ ಆಕೆಯ ಜೊತೆ ಇದ್ದದ್ದು ಪಕ್ಕದ ಮನೆಯ ಮಹಬೂಬಿ ಒಬ್ಬಳೇ. ದಿನಾ ಊರಿನಿಂದ ಉಡಿಯಲ್ಲಿ ರೊಟ್ಟಿ ಮುಚ್ಚಿಕೊಂಡು ಗುಡ್ಡ ಹತ್ತಿ ತಂದುಕೊಡುತ್ತಿದ್ದ ಮುದುಕಿ. ಆಕೆಯೇ ಕುಡಗೋಲಿನಿಂದ ನೆಲ ಕೆದರಿದಳು, ತನ್ನ ಓಢಣಿ ಹರಿದು ಕೂಸಿಗೆ ಸುತ್ತಿದಳು. ಇಬ್ಬರೂ ಸೇರಿ ಮೇಲೆ ಮೂರು ಕಲ್ಲು ಇಟ್ಟರು. ಮರುದಿನವೇ ಅತ್ತೆ ಗುಡ್ಡದ ಆಚೆ ಇಳಿದು ಗಡಿಯ ಕಡೆ ನಡೆದಳು. ಮಣ್ಣು ಮಾಡಿದ ಮೂರನೇ ದಿನಕ್ಕೆ ಗೋರಿಗೆ ಹಾಲು ಬಿಡಬೇಕು, ವಿಭೂತಿ ಹಚ್ಚಬೇಕು. ಅದು ಆಗಲಿಲ್ಲ. ನಾಲ್ಕು ತಿಂಗಳಿಗೆ ತಿರುಗಿ ಬಂದಾಗ ಗುಡ್ಡ ಒಣಗಿ ಬೇರೆಯೇ ಆಗಿತ್ತು, ಯಾವ ಬಂಡೆ ಅಂತ ತಿಳಿಯಲಿಲ್ಲ. ಮಹಬೂಬಿ ಮಗಳ ಊರಿಗೆ ಹೋಗಿ ಅಲ್ಲಿಯೇ ತೀರಿಕೊಂಡಿದ್ದಳು.

“ಊರಾಗ ಕೂಸು ಗಡಿ ಆಚೆ ಸತ್ತದ ಅಂತ ಹೇಳೀನಿ” ಅಂದಳು ಅತ್ತೆ. “ನನ್ನ ದೂರ ಕುಂದ್ರಿಸಿದ ಹೆಣ್ಮಕ್ಳು ಇನ್ನೂ ಮೂರ ಮಂದಿ ಅದಾರ. ಕೇಳಿದ್ರ ಅವರ ಮನಸ್ಸು ಏನಾಗಬೇಕು? ನಿನ್ನ ಮಾವಗ ಹೇಳಿದ್ದೆ. ಸತ್ತದ್ದು ಸತ್ತದ, ಗುಡ್ಡದ ಕಡಿ ಹೋಗಬ್ಯಾಡ ಅಂದ. ಅಂವ ಹೋದ ಮ್ಯಾಲ ಹುಡಕಾಕ ಸುರು ಮಾಡೇನಿ. ಒಂದ ತಂಬಿಗಿ ಹಾಲು ಬೇ. ಅಷ್ಟ ಬಾಕಿ ಉಳದದ. ಅಷ್ಟ ಆತಂದ್ರ ನಾ ಆರಾಮ ಸಾಯ್ತೇನಿ.”

ನನಗೆ ಚನ್ನಬಸಪ್ಪನ ಸಲಿಕೆ ನೆನಪಾಯಿತು. ಕೂಸು ಸಿಗದಿರುವುದು ಒಂದು ದುಃಖ. ಅದು ಮೊದಲು ಆತನಿಗೆ ಸಿಕ್ಕರೆ?

ಸುಗ್ಗಿ ಬಂತು, ಹೋಯಿತು. ಸೋಮವಾರ ತಪ್ಪಲಿಲ್ಲ. ಮಾಘದಲ್ಲಿ ಗುಡ್ಡದ ಮುತ್ತಲ ಗಿಡಗಳು ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟವು. ಚೈತ್ರ ಕಳೆಯುವ ಹೊತ್ತಿಗೆ ಮೊರಮು ಕಾದು ಚಪ್ಪಲಿಯ ತಳ ಮೆತ್ತಗಾಗುತ್ತಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಹೊರಟು ಬಿಸಿಲು ಏರುವುದರೊಳಗೆ ಇಳಿಯುತ್ತಿದ್ದೆವು. ಬೇಸಿಗೆಯಲ್ಲಿ ಗುಡ್ಡದ ಎಲುಬೆಲ್ಲ ಕಾಣುತ್ತದೆ, ಹುಡುಕಲು ಸಲೀಸು. ಆದರೆ ಎಲ್ಲ ಬಂಡೆಯ ಕೆಳಗೂ ಕಲ್ಲುಗಳಿದ್ದವು, ಎಲ್ಲಿ ನೋಡಿದರೂ ಮೂರು ಕಲ್ಲು ಒಟ್ಟಿಗೆ ಕಾಣುತ್ತಿದ್ದವು. ವೈಶಾಖದಲ್ಲಿ ಕವಳಿ ಹಣ್ಣಾದಾಗ ನಾವು ಹುಡುಕುವುದನ್ನು ಬಿಟ್ಟು ಕಂಟಿಗೆ ಮುತ್ತಿಕೊಂಡು ತಿಂದೆವು. ತುಟಿ, ನಾಲಿಗೆ ಎಲ್ಲ ನೇರಳೆ. “ನಿನ್ನ ಗಂಡ ಬಂದು ನೋಡಿದ್ರ ಅತ್ತಿ ಸೊಸಿಗೆ ಏನೋ ಹಾಕ್ಯಾಳ ಅಂತಾನ” ಅಂದಳು. ಅಷ್ಟು ದುಃಖ ಹೊತ್ತು ಅಷ್ಟು ನಗುವವರನ್ನು ನಾನು ಬೇರೆ ಕಂಡಿಲ್ಲ. ಆಕೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಕವಳಿ ಕಂಟಿಯ ಬುಡದಲ್ಲೇ ಇರಬೇಕು.

ತಪ್ಪು ಮಾಡಿದ್ದು ನಾನು. ಬೇಸಿಗೆಯ ಕೊನೆಗೆ ಗುಡ್ಡದ ಮೇಲೆ ಹನ್ನೆರಡು ಗುಂಡಿಗಳಾಗಿದ್ದವು. ಗುಡ್ಡ ಅಗೆದು ಇಲಿ ಹಿಡಿದಂತೆ ಅನ್ನುತ್ತಾರೆ, ಚನ್ನಬಸಪ್ಪನಿಗೆ ಇಲಿಯೂ ಸಿಕ್ಕಿರಲಿಲ್ಲ. ಒಂದು ದಿನ ಬಾವಿಯ ಹತ್ತಿರ ಆತನ ಹೆಂಡತಿ ಗೌರವ್ವ “ಎಷ್ಟ ತೊಲಿ ಇರಬೇಕು ನಿಮ್ಮತ್ತಿ ಬಂಗಾರ?” ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಿಜ ಹೇಳಿದರೆ ನಾಚಿಕೆಯಾಗಿ ಸಲಿಕೆ ಕೆಳಗಿಟ್ಟಾರು ಅಂದುಕೊಂಡೆ. “ಬಂಗಾರ ಅಲ್ರಿ, ಅಲ್ಲಿ ಅವರ ಕೂಸಿನ ಗೋರಿ ಐತಿ. ಕೂಸು ಇಟ್ಟ ಜಾಗಾ ಹುಡಕಾಕತ್ತಾರ” ಅಂದುಬಿಟ್ಟೆ.

ಗೌರವ್ವ ಕೊಡ ಕೆಳಗಿಟ್ಟಳು. “ಆ ಕೂಸು ಗಡಿ ಆಚೆ ಸತ್ತದ ಅಂತ ನೀಲವ್ವನ ಹೇಳ್ಯಾಳಲ್ಲ?”

ನಾನು ನನ್ನ ಕೊಡ ಎತ್ತಿಕೊಂಡು ಮನೆಗೆ ನಡೆದೆ. ನಮ್ಮ ಸೀಮೆಯ ಇನ್ನೊಂದು ಮಾತು ಹೊಳೆಯ ದಂಡೆಯವಳಾದ ನನಗೆ ಆಗ ಗೊತ್ತಿರಲಿಲ್ಲ. ಗದ್ದಲದ ವರ್ಷ ಜಾಣರಾದವರು ಬಂಗಾರದ ಗಡಿಗೆಯನ್ನು ಕೂಸಿನ ಗೋರಿಯ ಹಾಗೆ ಹುಗಿದು ಮೇಲೆ ಕಲ್ಲಿಟ್ಟಿದ್ದರಂತೆ. ಗೋರಿ ಅಂದರೆ ಯಾರೂ ಕೆದಕುವುದಿಲ್ಲ ಅಂತ. ಅಲ್ಲಿಯವರೆಗೆ ಚನ್ನಬಸಪ್ಪನಿಗೆ ಬರೀ ಅನುಮಾನವಿತ್ತು. ನಾನು ಅದಕ್ಕೆ ಕಲ್ಲಿನ ಗುರುತು ಕೊಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮುಂದಿನ ಸೋಮವಾರ ಹತ್ತಿದಾಗ ದೊಡ್ಡ ಗುಂಡಿಗಳ ಬದಲು ಸಣ್ಣ ಸಣ್ಣ ಗುಂಡಿಗಳು, ಎಲ್ಲ ಬಂಡೆಗಳ ಕೆಳಗೆ. ಒಂದರ ಪಕ್ಕದಲ್ಲಿ ಬಿಳಿಯ ಎಲುಬಿನ ಚೂರು ಬಿದ್ದಿತ್ತು. ಅತ್ತೆ ಮುಂದೆ ಹೆಜ್ಜೆ ಇಡಲಿಲ್ಲ. ನಾನು ಓಡಿ ಹೋಗಿ ಎತ್ತಿ ನೋಡಿದೆ. ಆಡಿನ ದವಡೆ, ಹಲ್ಲು ಹಾಗೆಯೇ ಇದ್ದವು. ತೋರಿಸಿದೆ. ಆಕೆ ಬಹಳ ಹೊತ್ತು ಅದನ್ನೇ ಹಿಡಿದುಕೊಂಡು ಕೂತಳು. ಅಲ್ಲಿಯೇ, ಆ ಬಿಸಿಲಿನಲ್ಲಿ, ಬಾಯಿ ಬಿಟ್ಟದ್ದು ನಾನು ಅಂತ ಹೇಳಿಕೊಂಡು ಅತ್ತುಬಿಟ್ಟೆ. ಆವತ್ತೂ ಆಕೆ ಬೈಯಲಿಲ್ಲ. “ಇನ್ನ ನಾ ಬರಂಗಿಲ್ಲ ಬೇ” ಅಂದಳು. “ನನಗ ಸಿಗದಿದ್ರೂ ಛಲೋ. ನಾ ತೋರಿಸಿಕೊಟ್ಟಂಗ ಆಗಬಾರದು.”

ಜ್ಯೇಷ್ಠದಲ್ಲಿ ಮಿರಗ ಮಳೆ ಬಿತ್ತು. ಎರೆ ಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುವ ಕಾಲ. ಬಿತ್ತನೆಯಾಯಿತು, ಕಳೆ ತೆಗೆದೆವು. ಗುಡ್ಡ ಮನೆಯ ಹಿತ್ತಲಿನಲ್ಲೇ ಹಸಿರಾಗುತ್ತಿತ್ತು, ಆಕೆ ಆ ಕಡೆ ಬೆನ್ನು ಹಾಕಿ ಕೂತು ಕಾಳು ಆರಿಸುತ್ತಿದ್ದಳು. ಅಡಿಕೆ ಹಾಕುವುದನ್ನು ಬಿಟ್ಟಳು. ಗಂಡ ಒಂದು ಸಲ ಬಂದವನು “ಇಬ್ಬರೂ ಜಗಳಾಡೀರೇನು?” ಅಂತ ಕೇಳಿ ಹೋದ.

ಆಷಾಢದಲ್ಲಿ ಒಂದು ಮಧ್ಯಾಹ್ನ ಮಾಳಿಗೆಯ ದೋಣಿಯಿಂದ ನೀರು ಬೀಳುತ್ತಿತ್ತು. ಅದನ್ನು ಕೇಳುತ್ತ ಕೂತಿದ್ದಾಗ ನನಗೆ ಒಂದು ಮಾತು ಹೊಳೆಯಿತು. “ಅತ್ತಿ, ನೀವು ಬಂಡಿಗಲ್ಲ ಕೆಳಗ ಬಗ್ಗಿ ಎಡಕ್ಕ ಕಿವಿ ಯಾಕ ಕೊಡ್ತಿದ್ರಿ?”

“ನೀರ ಬೀಳೂ ಸಪ್ಪಳ ಇತ್ತು, ಎಡಕ್ಕ. ಮೂರ ದಿನ ಅದನ್ನ ಕೇಳೇನಿ.”

“ಮತ್ತ ಹುಬ್ಬಿ ಮಳ್ಯಾಗ ಯಾವಾಗರ ಹತ್ತೀರೇನ್ರಿ?”

ಆಕೆ ಇಲ್ಲ ಅಂತ ತಲೆಯಾಡಿಸಿದಳು. ಆರು ವರ್ಷದ ಸೋಮವಾರಗಳಲ್ಲಿ ಹುಬ್ಬಿ ಮಳೆಯ ಸೋಮವಾರಗಳನ್ನು ಮಾತ್ರ ಆಕೆ ಬಿಟ್ಟಿದ್ದಳು. ಕಾಲು ಜಾರುತ್ತದೆ, ಹಾವು ಇರುತ್ತದೆ ಅಂತ ಏನೇನೋ ಹೇಳಿದಳು. ಕೊನೆಗೆ ಸಣ್ಣ ದನಿಯಲ್ಲಿ ಅಂದಳು: “ಆ ಸಪ್ಪಳ ಮತ್ತ ಕೇಳಾಕ ನನಗ ಧೈರ್ಯ ಇಲ್ಲ ಬೇ.”

ಹೊಳೆಯ ದಂಡೆಯಲ್ಲಿ ಬೆಳೆದವಳಿಗೆ ಒಂದು ವಿಷಯ ಗೊತ್ತು: ಮಣ್ಣು ಜಾಗ ಬಿಡುತ್ತದೆ, ಗಿಡ ಬೆಳೆದು ಗುರುತು ಮರೆಸುತ್ತದೆ, ಆದರೆ ಕಲ್ಲಿನ ಮೇಲೆ ಬೀಳುವ ನೀರು ತನ್ನ ದಾರಿಯನ್ನು ಬೇಗ ಬದಲಿಸುವುದಿಲ್ಲ. ನಾನು ಅಷ್ಟನ್ನೇ ಹೇಳಿದೆ. “ನಾ ಜೋಡಿ ಇರ್ತೇನಿ” ಅಂದೆ. ಆಕೆ ಎದ್ದು ಹೋಗಿ ಅಡಿಕೆಯ ಡಬ್ಬಿ ತಂದಳು.

ಶ್ರಾವಣದಲ್ಲಿ ಮತ್ತೆ ಹತ್ತಲು ಶುರು ಮಾಡಿದೆವು. ಶ್ರಾವಣ ಸೋಮವಾರ ಮಲ್ಲಯ್ಯನಿಗೆ ಹೋಗುವವರು ಬಹಳ, ನಮ್ಮನ್ನು ಯಾರೂ ವಿಶೇಷವಾಗಿ ನೋಡಲಿಲ್ಲ. ಜಿಟಿಜಿಟಿ ಮಳೆ, ಮೋಡ ಗುಡ್ಡದ ತಲೆಯ ಮೇಲೆಯೇ ಕೂತಿರುತ್ತಿತ್ತು. ಹುಲ್ಲು ಸೊಂಟದ ಮಟ್ಟ ಬೆಳೆದು ಚನ್ನಬಸಪ್ಪನ ಗುಂಡಿಗಳು ಮುಚ್ಚಿದ್ದವು. ಒಂದರೊಳಗೆ ನಾನೇ ಬಿದ್ದು ಮೊಣಕಾಲು ಕೆತ್ತಿಸಿಕೊಂಡೆ. ಆದರೆ ಬಂಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತೇ ಹೊರತು ಸುರಿಯುತ್ತಿರಲಿಲ್ಲ. ಭಾದ್ರಪದ ಬಂತು. ಹುಬ್ಬಿ ಮಳೆ ಹೂಡಿತು. ಶನಿವಾರ, ಭಾನುವಾರ ಎರಡು ದಿನ ಆಕಾಶ ಹರಿದಂತೆ ಸುರಿದು ಸೋಮವಾರ ಮುಂಜಾನೆ ಸಣ್ಣಗಾಯಿತು. ಅತ್ತೆ ತಂಬಿಗೆಗೆ ಹಾಲು ಹಾಕಿ ಮೇಲೆ ಅರಿವೆ ಕಟ್ಟಿದಳು.

ಊರ ಹೊರಗೆ ಬಂದಾಗ ಹಿಂದೆ ಕೆಮ್ಮು ಕೇಳಿಸಿತು. ಕರಿ ಕೊಡೆ, ಎತ್ತಿ ಕಟ್ಟಿದ ಧೋತರ.

“ಈ ಮಳ್ಯಾಗ ಎಲ್ಲಿಗೆ ನೀಲವ್ವಕ್ಕ?”

“ಮಲ್ಲಯ್ಯಗ. ನೀ ಎಲ್ಲಿಗೆ?”

“ಎಮ್ಮಿ ತಪ್ಪಿಸಿಕೊಂಡದ್ರಿ. ಹುಡಕಾಕ ಹೊಂಟೇನಿ.”

“ನಿನ್ನ ಎಮ್ಮಿ ಹಟ್ಯಾಗ ಮೇಯಾಕತ್ತಿತ್ತಲ್ಲ.”

“ಅದು ಬ್ಯಾರೆ ಎಮ್ಮಿ” ಅಂದ ಚನ್ನಬಸಪ್ಪ.

ಆತ ಐವತ್ತು ಹೆಜ್ಜೆ ಹಿಂದೆ ಉಳಿದುಕೊಂಡು ನಮ್ಮ ಜೊತೆಯೇ ಹತ್ತಿದ. ಕೆಂಪು ನೀರು ಕಾಲುದಾರಿಯನ್ನೇ ಹಳ್ಳ ಮಾಡಿಕೊಂಡು ಇಳಿಯುತ್ತಿತ್ತು. ನಾವು ಹುಲ್ಲಿನ ಬುಡ ಹಿಡಿದು, ಏಡಿಯ ಹಾಗೆ ಅಡ್ಡ ಹೆಜ್ಜೆ ಇಟ್ಟು ಏರಿದೆವು. ವಾಪಸ್ ಹೋಗೋಣ ಅಂತ ನಾನು ಎರಡು ಸಲ ಅಂದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಆಕೆಯ ಮುಖ ಎಡಕ್ಕೆ ತಿರುಗಿತ್ತು. ಗುಡ್ಡ ಪೂರ್ತಿ ದನಿ ಬಿಟ್ಟಿತ್ತು, ಎಲ್ಲ ಕಡೆ ನೀರಿನ ಸಪ್ಪಳ. ಅದರಲ್ಲಿ ಯಾವುದು ಬೇಕಾದದ್ದು ಅಂತ ನನಗಂತೂ ತಿಳಿಯುತ್ತಿರಲಿಲ್ಲ.

ಎರಡು ಬಂಡೆ ದಾಟಿದೆವು. ಮೂರನೆಯದರ ಹತ್ತಿರ ನಾನು ಆಕೆಯ ಪಕ್ಕದಲ್ಲಿದ್ದೆ. ಇದ್ದಕ್ಕಿದ್ದಂತೆ ಆಕೆಯ ಭುಜ ನನಗೆ ಬಲವಾಗಿ ಬಡಿಯಿತು, ತಂಬಿಗೆ ಠಣ್ ಅಂತ ಬಿತ್ತು. ಹಾಲು ಪೂರ್ತಿ ಚೆಲ್ಲಿತು.

“ಕಣ್ಣ ಎಲ್ಲಿಟ್ಟಿ ಬೇ?” ಅತ್ತೆ ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದಳು. “ಮೈಮ್ಯಾಲ ಖಬರ್ ಐತೋ ಇಲ್ಲೋ? ದೇವರ ಹಾಲು, ಒಂದ ಹನಿ ಉಳಿಸಲಿಲ್ಲಲ್ಲ. ನಿಮ್ಮವ್ವ ನಿನಗ ನಡಿಯೂದು ಸೈತ ಕಲಿಸಿಲ್ಲೇನು?”

ಹತ್ತು ತಿಂಗಳಲ್ಲಿ ಮೊದಲನೇ ಬೈಗಳ. ಅದೂ ನಮ್ಮವ್ವನ ಮೇಲೆ. ಅದೂ ಚನ್ನಬಸಪ್ಪನ ಎದುರಿಗೆ. ನನಗೆ ಕಣ್ಣು ತುಂಬಿದವು. ನಾನು ತಾಗಿಸಿರಲಿಲ್ಲ, ಆಣೆ ಮಾಡಿ ಹೇಳಬಲ್ಲೆ. ಬಾಯಿ ತೆರೆಯುವಷ್ಟರಲ್ಲಿ ಆಕೆ ಬಗ್ಗಿದಳು. ಬೆನ್ನು ಕೊಡೆಯ ಕಡೆಗಿತ್ತು. ಒಂದು ಕೈ ತಂಬಿಗೆ ಹುಡುಕುವಂತೆ ಹುಲ್ಲಿನಲ್ಲಿ ಆಡುತ್ತಿತ್ತು. ಇನ್ನೊಂದು ಕೈಯ ಹೆಬ್ಬೆರಳು ಹಣೆಯ ಒದ್ದೆ ವಿಭೂತಿಯನ್ನು ಒರೆಸಿ ನೆಲದಲ್ಲಿದ್ದ ಒಂದು ಕಲ್ಲಿಗೆ ಹಚ್ಚಿತು. ಬಾಯಿ ಮಾತ್ರ ಬೈಯುತ್ತಲೇ ಇತ್ತು. ಆಗ ನಾನು ನೋಡಿದೆ: ಹಾವಸೆ ಕಟ್ಟಿದ ಮೂರು ಕಲ್ಲು, ಅವುಗಳ ಸುತ್ತ ಮಳೆಯ ನೀರಿನಲ್ಲಿ ಬೆಳ್ಳಗೆ ಹರಿಯುತ್ತಿದ್ದ ಹಾಲು. ಎಡಕ್ಕೆ, ಬಂಡೆಯ ತುದಿಯಿಂದ, ನೀರು ಕಲ್ಲಿನ ಮೇಲೆ ಬೀಳುತ್ತಿತ್ತು.

ನಾನು ಆ ಕಲ್ಲುಗಳ ಕಡೆ ಬಗ್ಗಿದೆ. ಅತ್ತೆ ನನ್ನ ಮುಂಗೈ ಹಿಡಿದು ಎತ್ತಿದಳು. ಬಳೆ ಒಡೆಯುವಷ್ಟು ಬಿಗಿ. “ನಡಿ. ನಿಂದ್ರಬ್ಯಾಡ” ಅಂದಳು, ಈ ಸಲ ನನಗೆ ಮಾತ್ರ ಕೇಳುವಂತೆ.

ಮೂವತ್ತು ವರ್ಷ ಹಂಬಲಿಸಿ ಆರು ವರ್ಷ ಹುಡುಕಿದ ಜಾಗದಲ್ಲಿ ಆಕೆ ಒಂದು ಕ್ಷಣವೂ ಕೂರಲಿಲ್ಲ. ತಿರುಗಿಯೂ ನೋಡಲಿಲ್ಲ. ಬೈಯುತ್ತಾ ಮೇಲೆ ನಡೆದಳು. ಇನ್ನೂರು ಹೆಜ್ಜೆ ದಾಟಿದ ಮೇಲೆ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಅದರ ಮೇಲೆ ಕೂತಳು. ಅಲ್ಲಿ ಕೂತು, ಎರಡೂ ಕೈಯಿಂದ ಆ ಕಲ್ಲನ್ನೇ ತಬ್ಬಿಕೊಂಡು, ಬಾಯಿ ತೆರೆದು ಅತ್ತಳು. ಅದು ಸುಳ್ಳು ಅಳುವಲ್ಲ. ಕಲ್ಲು ಮಾತ್ರ ಬೇರೆ. ನಾನು ಪಕ್ಕದಲ್ಲಿ ನಿಂತು ಬೈಸಿಕೊಂಡ ಸೊಸೆಯ ಹಾಗೆ ಅಳುತ್ತಿದ್ದೆ. ಚನ್ನಬಸಪ್ಪ ದೂರದಲ್ಲಿ ನಿಂತವನು ಕೊಡೆ ಕೆಳಗಿಳಿಸಿ ನೆನೆಯುತ್ತ ನಿಂತ. ಆಮೇಲೆ ಹತ್ತಿರ ಬಂದು ಮೆತ್ತಗೆ ಹೇಳಿದ: “ಹೋಗ್ಲಿ ಬಿಡ್ರಿ ನೀಲವ್ವಕ್ಕ. ಹಾಲು ಚೆಲ್ಲಿದ್ದಕ್ಕ ಇಷ್ಟ ಅಳ್ತಾರೇನ್ರಿ? ಸಣ್ಣ ಹುಡಿಗಿ, ತಿಳಿದಿಲ್ಲ.” ಆತನ ಕಣ್ಣು ಕಲ್ಲನ್ನು ಅಳೆಯುತ್ತಿದ್ದವು, ಆದರೆ ದನಿಯಲ್ಲಿ ಮರುಕವೂ ಇತ್ತು. ಮನುಷ್ಯ ಎರಡನ್ನೂ ಒಟ್ಟಿಗೆ ಮಾಡಬಲ್ಲ.

ಇಳಿಯುವಾಗ ಬೇರೆ ದಾರಿ ಹಿಡಿದೆವು. ಅತ್ತೆ ಊರ ಅಗಸೆಬಾಗಿಲವರೆಗೂ ಬೈಗಳ ನಿಲ್ಲಿಸಲಿಲ್ಲ. ಬಾವಿಯ ಹೆಂಗಸರು, ಕಟ್ಟೆಯ ಗಂಡಸರು ಎಲ್ಲ ಕೇಳಿದರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಸುಮ್ಮನಾದಳು. ಸೆರಗಿನಿಂದ ನನ್ನ ತಲೆ ಒರೆಸಿದಳು, ಮುಂಗೈ ತಿರುಗಿಸಿ ಕೆಂಪಗಾದ ಜಾಗ ನೋಡಿದಳು. “ಬಾಳ ಬೈದೆನೇನ?”

“ಇಲ್ರಿ.”

“ನಿಮ್ಮವ್ವಗ ಅನಬಾರದಿತ್ತು.”

ಮನೆಯಲ್ಲಿ ಹಾಲಿರಲಿಲ್ಲ. ಬೆಲ್ಲ ಹಾಕಿ ಕರಿ ಚಹಾ ಮಾಡಿದೆ. ಕುಡಿದು ಆಕೆ ಚಾಪೆಯ ಮೇಲೆ ಉರುಳಿದವಳು ಸಂಜೆಯವರೆಗೆ ಮಲಗಿದಳು. ಹಗಲಿನಲ್ಲಿ ಅತ್ತೆ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಳೆ ಬಿಟ್ಟ ಮೇಲೆ ಚನ್ನಬಸಪ್ಪ ಆ ಚಪ್ಪಟೆ ಕಲ್ಲನ್ನು ಎತ್ತಿಸಿ ಎರಡು ಆಳು ಆಳ ಅಗೆಸಿದ. ಏನೂ ಸಿಗದೆ ಅಂಜನದವನಿಗೆ ಬೈದು ಸಲಿಕೆ ಒಳಗಿಟ್ಟ. ಅತ್ತೆ ಮತ್ತೆ ಗುಡ್ಡ ಹತ್ತಲಿಲ್ಲ. ನೀಲವ್ವನಿಗೆ ಆಸೆ ಬಿಟ್ಟಿತು ಅಂದರು ಜನ. ಆಕೆ ಇನ್ನೂ ಹನ್ನೊಂದು ವರ್ಷ ಬದುಕಿದಳು, ಚೆನ್ನಾಗಿ ಉಂಡಳು, ನನ್ನ ಇಬ್ಬರು ಮಕ್ಕಳನ್ನು ಆಡಿಸಿದಳು, ಎಷ್ಟೋ ಹೊತ್ತಿದ ರೊಟ್ಟಿ ತಿಂದಳು. ಆಕೆ ಹೋದ ಮೇಲೆ ನಾವು ಅಫಜಲಪುರಕ್ಕೆ ಬಂದೆವು. ಚನ್ನಬಸಪ್ಪನೂ ಈಗಿಲ್ಲ, ಅತ್ತೆಯನ್ನು ದೂರ ಕೂರಿಸಿದ ಆ ಮೂವರು ಹೆಂಗಸರೂ ಇಲ್ಲ. ಅದಕ್ಕೇ ಇಷ್ಟು ಬರೆದೆ. ಆದರೂ ಯಾರ ಮನೆಯಲ್ಲಿ ಸಲಿಕೆ ಇನ್ನೂ ಚೂಪಾಗಿದೆಯೋ ತಿಳಿಯದು. ಆದ್ದರಿಂದ ಇಲ್ಲಿ ಹೇಳಿದ ಗುರುತುಗಳಲ್ಲಿ ಎರಡನ್ನು ಬೇಕೆಂದೇ ತಪ್ಪು ಬರೆದಿದ್ದೇನೆ. ಅತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದಳು.

ಆವತ್ತು ಬಸ್ಸಿನಿಂದ ಇಳಿದವಳು ಗುಡ್ಡ ಹತ್ತಲಿಲ್ಲ, ಮಂಡಿ ಕೇಳಲಿಲ್ಲ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಅದನ್ನು ನೋಡುತ್ತಾ ಚಹಾ ಕುಡಿದೆ. ಬೆಂಚಿನ ಆ ತುದಿಯಲ್ಲಿ ಒಬ್ಬ ಹಣ್ಣುಮುದುಕಿ ಮೊಮ್ಮಗಳ ಜೊತೆ ಕೂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಚನ್ನಬಸಪ್ಪನ ಗೌರವ್ವ.

“ಯಾರ ಬೇ ನೀ?”

“ನಾನ್ರಿ, ಶಾಂತಾ. ನೀಲವ್ವನ ಸೊಸಿ.”

“ಯಾವ ಶಾಂತಾ?” ಆಕೆ ಬಹಳ ಹೊತ್ತು ಹುಡುಕಿದಳು. ಆಮೇಲೆ ಬೊಚ್ಚು ಬಾಯಿ ಅರಳಿತು. ಮೊಮ್ಮಗಳ ತೊಡೆ ತಟ್ಟಿ ಹೇಳಿದಳು: “ನಾ ಹೇಳ್ತಿದ್ದೆನಲ್ಲ, ದೇವರಿಗೆ ಒಯ್ಯೂ ಹಾಲು ಗುಡ್ಡದಾಗ ಚೆಲ್ಲಿ ಅತ್ತಿ ಕಡಿಂದ ಬೈಸಿಕೊಂಡ ಸೊಸಿ ಅಂತ? ಈಕೀನ ನೋಡು ಆಕಿ. ಹೌದಿಲ್ಲೋ?”

“ಹೌದ್ರಿ” ಅಂದೆ. “ನಾನೇ ಚೆಲ್ಲಿದ್ದು.”